ಎತ್ತು, ಹಸು, ಗೋವು: ಕನ್ನಡ ಕಥನದಲ್ಲಿ ದುಡಿಯುವ ಪ್ರಾಣಿ

1

ಕನ್ನಡದ ಗ್ರಾಮೀಣ ಕಥನವನ್ನು ಕುರಿತ ವಿಮರ್ಶೆಯಲ್ಲಿ ದನಕರುಗಳಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ಅವು ಕೃತಿಗಳ ಪುಟಪುಟಗಳಲ್ಲಿಯೂ ಕಾಣಿಸಿಕೊಳ್ಳುತ್ತವೆ. ವಿಮರ್ಶೆಯಲ್ಲಿ ಮಾತ್ರ ಅವು ಬಹುಬೇಗ ಪ್ರತೀಕಗಳಾಗಿ ಮಾರ್ಪಡುತ್ತವೆ. ಎತ್ತು ಎಂದರೆ ಕನಸು, ಹಸು ಎಂದರೆ ಪರಂಪರೆ, ಹುಲಿ ಎಂದರೆ ಅಧಿಕಾರ ಎಂಬ ಸಮೀಕರಣಗಳು ನಮ್ಮ ತರಗತಿಗಳಲ್ಲಿಯೂ ಸಂಶೋಧನ ಪ್ರಬಂಧಗಳಲ್ಲಿಯೂ ರೂಢಿಯಾಗಿಬಿಟ್ಟಿವೆ. ಇಂತಹ ಓದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಪ್ರತೀಕವಾಗುವ ಮೊದಲು ಆ ಪ್ರಾಣಿ ಒಂದು ಮನೆಯ ಕೊಟ್ಟಿಗೆಯಲ್ಲಿ ಮೇವು ತಿಂದಿರುತ್ತದೆ, ಯಾರದೋ ಹೊಲದಲ್ಲಿ ನೊಗ ಹೊತ್ತಿರುತ್ತದೆ, ಮುದಿಯಾದ ಮೇಲೆ ಯಾರದೋ ಕೈಗೆ ದಾಟಿರುತ್ತದೆ. ಈ ಸಂಗತಿಗಳನ್ನು ಬದಿಗಿಟ್ಟು ನೇರವಾಗಿ ಅರ್ಥಕ್ಕೆ ಹೋದಾಗ ಕೃತಿಯ ನೈತಿಕ ಪ್ರಶ್ನೆಯೇ ನಮ್ಮ ಕಣ್ತಪ್ಪಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಈ ವಾದಕ್ಕೆ ಭಾಷೆಯೇ ಮೊದಲ ಆಧಾರವನ್ನು ಒದಗಿಸುತ್ತದೆ. ಒಂದೇ ಪ್ರಾಣಿಜಾತಿಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಪ್ರತಿಯೊಂದು ಹೆಸರೂ ಅದನ್ನು ಆಡುವವನ ನೆಲೆಯನ್ನು ಹೇಳುತ್ತದೆ. 'ಎತ್ತು' ಎಂಬುದು ದುಡಿಮೆಯ ಹೆಸರು. 'ಹಸು' ಅಥವಾ ಉತ್ತರದ 'ಆಕಳು' ಮನೆಯ ಹೆಸರು. 'ದನ' ಎಂಬುದು ಮಂದೆಯ ಹೆಸರು. ಬಯ್ಯುವಾಗ ಮನುಷ್ಯನಿಗೂ ಸಲ್ಲುವಂಥದು. 'ರಾಸು' ಸಂತೆ ಮತ್ತು ಜಾತ್ರೆಗಳ ಹೆಸರು. ಘಾಟಿ ಸುಬ್ರಹ್ಮಣ್ಯದಂತಹ ದನಗಳ ಜಾತ್ರೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ ಬೆಲೆ ಕಟ್ಟುವವನು ಆಡುವ ಮಾತು. 'ಜಾನುವಾರು' ಸರ್ಕಾರಿ ಕಡತದ ಹೆಸರು. 'ಗೋವು' ಶಾಸ್ತ್ರದ, ಪ್ರಾರ್ಥನೆಯ, ಈಚಿನ ದಿನಗಳಲ್ಲಿ ವೇದಿಕೆಯ ಹೆಸರು. ಉಳುವವನು ತನ್ನ ಜೋಡಿಯನ್ನು ನೊಗಕ್ಕೆ ಕಟ್ಟುವಾಗ ಗೋವನ್ನು ಕಟ್ಟಿದೆನೆಂದು ಹೇಳುವುದಿಲ್ಲ. ಸಭೆಯಲ್ಲಿ ಮಾತನಾಡುವವನು ಎತ್ತಿನ ರಕ್ಷಣೆ ಎಂದು ಹೇಳುವುದು ಅಪರೂಪ. ಒಂದು ಕೃತಿ ಯಾವ ಹೆಸರಿನಿಂದ ಯಾವ ಹೆಸರಿಗೆ ಜಾರುತ್ತದೆ ಎಂಬುದನ್ನು ಗಮನಿಸಿದರೆ ಆ ಕೃತಿಯ ದೃಷ್ಟಿ ಎಲ್ಲಿಂದ ಎಲ್ಲಿಗೆ ಸರಿದಿದೆ ಎಂಬುದು ತಿಳಿಯುತ್ತದೆ.

ಹೊರನಾಡಿನಲ್ಲಿ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ದೆಹಲಿಯಲ್ಲಿ ಕುಳಿತು ಶಿವರಾಮ ಕಾರಂತರನ್ನು ಓದುವವರಿಗೆ ಪ್ರೇಮಚಂದರು ನೆರೆಮನೆಯವರು. ಮುಂಬೈ, ಪುಣೆಗಳಲ್ಲಿ ದೇವನೂರ ಮಹಾದೇವರನ್ನು ಓದುವವರಿಗೆ ಮರಾಠಿಯ ದಲಿತ ಆತ್ಮಕಥನಗಳು ಕೈಯಳತೆಯಲ್ಲಿವೆ. ಒಂದೇ ಎತ್ತು ಭಾಷೆಯಿಂದ ಭಾಷೆಗೆ ಹೇಗೆ ಬೇರೆಬೇರೆ ನೊಗ ಹೊರುತ್ತದೆ ಎಂಬುದನ್ನು ಕಾಣಲು ಈ ನೆರೆಹೊರೆ ಸಹಾಯಕ. ಆ ಹೋಲಿಕೆಯನ್ನು ಇಲ್ಲಿ ಮಿತವಾಗಿ ಬಳಸಿಕೊಳ್ಳಲಾಗಿದೆ.

2

ಶಿವರಾಮ ಕಾರಂತರ 'ಚೋಮನ ದುಡಿ' (1933) ಈ ಚರ್ಚೆಗೆ ಸಹಜವಾದ ಆರಂಭಬಿಂದು. ಕಾದಂಬರಿಯ ಶೀರ್ಷಿಕೆಯೇ ದುಡಿಯ ಕಡೆಗೆ ಕೈದೋರಿಸುವುದರಿಂದ ವಿಮರ್ಶೆ ಬಹುಮಟ್ಟಿಗೆ ದುಡಿಯನ್ನೇ ಆಲಿಸಿದೆ. ಚೋಮನ ಹಟ್ಟಿಯಲ್ಲಿ ಇರುವ ಎರಡು ಎತ್ತುಗಳ ಮೇಲೆ ನಾವು ಗಮನ ಹರಿಸೋಣ. ಕಾಡಿನಲ್ಲಿ ಅಲೆಯುತ್ತಿದ್ದ ಅವುಗಳನ್ನು ಅವನು ತಂದು ಸಾಕಿಕೊಂಡಿದ್ದಾನೆ. ಉಳಲು ಅವನಿಗೆ ಭೂಮಿಯಿಲ್ಲ. ಹೊಲೆಯನಾದವನು ಗೇಣಿಗೆ ಭೂಮಿ ಹಿಡಿದು ಬೇಸಾಯಗಾರನಾಗುವುದು ಆ ಊರಿನ ಕಟ್ಟಳೆಗೆ ಒಗ್ಗದ ಮಾತು. ಒಡೆಯನಾದ ಸಂಕಪ್ಪಯ್ಯನ ಮನಸ್ಸು ಕರಗಿದರೂ ಕಟ್ಟಳೆ ಕರಗುವುದಿಲ್ಲ.

ಈ ಎತ್ತುಗಳನ್ನು ಚೋಮನ ಕನಸಿನ ಪ್ರತೀಕವೆಂದು ಕರೆದು ಮುಂದೆ ಸಾಗಿದರೆ ಕಾದಂಬರಿಯ ಲೆಕ್ಕಾಚಾರವೇ ಕೈಬಿಟ್ಟುಹೋಗುತ್ತದೆ. ಉಳದ ಎತ್ತು ಬಡವನ ಮನೆಯಲ್ಲಿ ಹೊರೆ. ಅದಕ್ಕೂ ಹುಲ್ಲು ಬೇಕು, ನೀರು ಬೇಕು, ಕಾಯುವವರು ಬೇಕು. ಚೋಮನಿಗೆ ತೋಟದ ಸಾಲವಿದೆ. ಎತ್ತುಗಳನ್ನು ಮಾರಿದರೆ ಆ ಸಾಲ ತೀರುವ ದಾರಿಯಿದೆ. ಅವನು ಮಾರುವುದಿಲ್ಲ, ಬದಲಾಗಿ ಮಕ್ಕಳನ್ನು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಕಳುಹಿಸುತ್ತಾನೆ. ಒಬ್ಬ ಮಗ ಜ್ವರದಿಂದ ಸಾಯುತ್ತಾನೆ, ಇನ್ನೊಬ್ಬ ಅಲ್ಲಿಯೇ ಮದುವೆಯಾಗಿ ದೂರವಾಗುತ್ತಾನೆ. ಕೊನೆಗೆ ಮಗಳು ಬೆಳ್ಳಿಯೂ ಅದೇ ತೋಟದ ದಾರಿ ಹಿಡಿಯಬೇಕಾಗುತ್ತದೆ. ಎತ್ತುಗಳ ಹೆಗಲಿಗೆ ಬರದ ನೊಗ ಹೀಗೆ ಮಕ್ಕಳ ಹೆಗಲಿಗೆ ಬರುತ್ತದೆ. ಚೋಮನ ಮೇಲೆ ನಮಗೆ ಕನಿಕರ ಮೂಡುವಂತೆಯೇ ಅವನ ಹಟದ ಬಗ್ಗೆ ಕಳವಳವೂ ಮೂಡುವುದು ಈ ಕಾರಣದಿಂದ. ಎತ್ತನ್ನು ಬರಿಯ ಪ್ರತೀಕವಾಗಿಸಿದ ಓದು ಈ ಕಳವಳವನ್ನು ಮುಟ್ಟಲಾರದು. ಏಕೆಂದರೆ ಪ್ರತೀಕಕ್ಕೆ ಮೇವಿನ ಖರ್ಚಿಲ್ಲ, ಮಾರುಬೆಲೆಯಿಲ್ಲ.

ಕಾದಂಬರಿಯ ಕೊನೆಯಲ್ಲಿ ಚೋಮ ನೇಗಿಲನ್ನು ಮುರಿದು ಎತ್ತುಗಳನ್ನು ಅಟ್ಟಿಬಿಡುತ್ತಾನೆ. ಬಳಿಕ ಉಳಿಯುವುದು ದುಡಿ ಒಂದೇ. ದುಡಿಯ ಸದ್ದಿಗೆ ಅಷ್ಟು ಭಾರ ಬರುವುದು ಅದಕ್ಕೆ ಮೊದಲು ನೇಗಿಲು ಮುರಿದಿರುವುದರಿಂದ ಎಂಬುದನ್ನು ಮರೆಯಲಾಗದು. ಕೆಲಸದ ಸಾಧನ ಇಲ್ಲವಾದ ಮೇಲೆ ಮಾತ್ರ ಕಲೆಯ ಸಾಧನ ಏಕಾಂಗಿಯಾಗಿ ಮೊಳಗುತ್ತದೆ.

ಬಿ. ವಿ. ಕಾರಂತರು ಈ ಕಾದಂಬರಿಯನ್ನು ಆಧರಿಸಿ ನಿರ್ದೇಶಿಸಿದ ಚಲನಚಿತ್ರ 1975ರದು. ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಪಡೆದ ಈ ಚಿತ್ರದ ಮೂಲಕವೇ ಹೊರನಾಡಿನ ಅನೇಕರು ಚೋಮನನ್ನು ಬಲ್ಲರು. ಚಿತ್ರ ಬಂದ ಕಾಲವೂ ಗಮನಾರ್ಹ. ಕರ್ನಾಟಕದ ಭೂಸುಧಾರಣಾ ಕಾನೂನಿನ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತ್ತು. ಉಳುವವನಿಗೆ ಭೂಮಿ ಎಂಬ ಘೋಷಣೆಯ ಆ ಕಾನೂನು ಗೇಣಿದಾರನಿಗೆ ಒಡೆತನ ನೀಡಿತು. ಕರಾವಳಿಯಲ್ಲಿ ಅದರ ಪರಿಣಾಮ ಆಳವಾದುದು. ಆದರೆ ಚೋಮ ಗೇಣಿದಾರನೂ ಆಗಿರಲಿಲ್ಲ. ಉಳಬಲ್ಲವನಾಗಿದ್ದೂ, ಎತ್ತುಗಳಿದ್ದೂ, ಕಾನೂನಿನ ಕಣ್ಣಿಗೆ ಅವನು ಉಳುವವನಲ್ಲ. ಕಾದಂಬರಿ ಬಂದು ನಾಲ್ಕು ದಶಕಗಳಾದ ಮೇಲೂ ಅದರ ಪ್ರಶ್ನೆ ತೀರಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಪ್ರೇಮಚಂದರ 'ಗೋದಾನ' (1936) ಇದಕ್ಕೆ ಮೂರು ವರ್ಷ ತರುವಾಯದ ಕೃತಿ. ಅಲ್ಲಿ ಹೋರಿಗೆ ಗೇಣಿಯ ಭೂಮಿಯಿದೆ, ಎತ್ತುಗಳಿವೆ. ಅವನಿಗೆ ಬೇಕಾದದ್ದು ಬಾಗಿಲಲ್ಲಿ ಕಟ್ಟಿದ ಒಂದು ಹಸು. ಆ ಹಸುವನ್ನು ಸಾಲವಾಗಿ ತರುತ್ತಾನೆ. ತಮ್ಮನೇ ಅದಕ್ಕೆ ವಿಷವಿಕ್ಕುತ್ತಾನೆ. ಸತ್ತ ಹಸುವಿನ ಸಾಲಕ್ಕೆ ಬದುಕಿರುವ ಎತ್ತುಗಳು ಹೋಗುತ್ತವೆ. ಮರ್ಯಾದೆಯ ಪ್ರಾಣಿಗಾಗಿ ದುಡಿಮೆಯ ಪ್ರಾಣಿಯನ್ನು ಕಳೆದುಕೊಳ್ಳುವುದೇ ಹೋರಿಯ ಕುಸಿತದ ಮೆಟ್ಟಿಲು. ಚೋಮನ ಬಯಕೆ ಇದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು. ಹೋರಿ ಬೇಸಾಯಗಾರನಾಗಿದ್ದು ಗೃಹಸ್ಥನ ಗೌರವ ಬಯಸುತ್ತಾನೆ. ಚೋಮ ಬೇಸಾಯಗಾರನೇ ಆಗಲು ಬಯಸುತ್ತಾನೆ. ಒಬ್ಬನ ಬಯಕೆಗೆ ಹಸು, ಇನ್ನೊಬ್ಬನ ಬಯಕೆಗೆ ಎತ್ತು ತಕ್ಕ ಪ್ರಾಣಿಯಾಗಿರುವುದು ಆಕಸ್ಮಿಕವಲ್ಲ.

ಬಂಗಾಳಿಯಲ್ಲಿ ಶರತ್ಚಂದ್ರರು 1920ರ ದಶಕದಲ್ಲಿ ಬರೆದ 'ಮಹೇಶ್' ಕಥೆಯ ಗಫೂರ್ ಬಡ ಮುಸಲ್ಮಾನ. ತನ್ನ ಮುದಿ ಎತ್ತಿಗೆ ಹುಲ್ಲು ಹಾಕಲಾರದ ಅವನನ್ನು ಊರಿನ ಬ್ರಾಹ್ಮಣ ಗದರಿಸುತ್ತಾನೆ. ಒಂದು ಹಿಡಿ ಹುಲ್ಲು ಕೇಳಿದಾಗ ಅದೇ ಬ್ರಾಹ್ಮಣ ಕೊಡುವುದಿಲ್ಲ. ಕಟುಕರು ಹಣ ಹಿಡಿದು ಬಂದಾಗ ಮಾರಲು ಒಪ್ಪದವನೂ ಗಫೂರನೇ. ಬರ, ಹಸಿವು, ಅವಮಾನಗಳು ತಲೆಗೇರಿದ ಗಳಿಗೆಯಲ್ಲಿ ಅದನ್ನು ಹೊಡೆದು ಕೊಲ್ಲುವವನೂ ಅವನೇ. ಕೊನೆಗೆ ಮಗಳ ಕೈಹಿಡಿದು ಸೆಣಬಿನ ಗಿರಣಿಯ ಕಡೆಗೆ ನಡೆಯುತ್ತಾನೆ. ಚೋಮನ ಮಕ್ಕಳಿಗೆ ಕಾಫಿ ತೋಟ, ಗಫೂರನಿಗೆ ಗಿರಣಿ. ಎತ್ತು ಹೋದ ಮನೆಯವರು ಕೂಲಿಗೆ ಹೋಗುತ್ತಾರೆ ಎಂಬುದನ್ನು ಎರಡು ಭಾಷೆಗಳ ಎರಡು ಕೃತಿಗಳು ಒಂದರ ಅರಿವು ಇನ್ನೊಂದಕ್ಕೆ ಬೇಕಾಗದೆಯೇ ಕಂಡುಕೊಂಡಿವೆ.

3

ಎಸ್. ಎಲ್. ಭೈರಪ್ಪನವರ 'ತಬ್ಬಲಿಯು ನೀನಾದೆ ಮಗನೆ' (1968) ದನವನ್ನು ಕುರಿತ ವಾಗ್ವಾದವನ್ನೇ ಕಾದಂಬರಿಯ ನಡುವಿಗೆ ತಂದ ಕೃತಿ. ಅದರ ಶೀರ್ಷಿಕೆ ಮತ್ತು ಹೆಸರುಗಳು 'ಗೋವಿನ ಹಾಡಿ'ನಿಂದ ಬಂದವು. ಅಮೆರಿಕದಲ್ಲಿ ವ್ಯವಸಾಯವಿದ್ಯೆ ಕಲಿತ ಕಾಳಿಂಗ ಹಿಲ್ಡಾಳನ್ನು ಮದುವೆಯಾಗಿ ಊರಿಗೆ ಹಿಂದಿರುಗುತ್ತಾನೆ. ಹಸು ಅವನ ಊರಿನವರಿಗೆ ತಾಯಿ, ಹಿಲ್ಡಾಳಿಗೆ ಆಹಾರ, ಅವನಿಗೆ ಮೊದಲು ಆದಾಯದ ಘಟಕ. ಆಹಾರವನ್ನು ಕುರಿತು ಮುಂದಿನ ದಶಕಗಳಲ್ಲಿ ನಮ್ಮ ಸಾರ್ವಜನಿಕ ಜೀವನದಲ್ಲಿ ನಡೆದ ಚರ್ಚೆಗಳ ಅನೇಕ ಎಳೆಗಳು ಈ ಕಾದಂಬರಿಯಲ್ಲಿ ಮೊದಲೇ ಇವೆ. ಎರಡು ಪಕ್ಷಗಳಿಗೂ ವಾದಿಸುವ ಅವಕಾಶವನ್ನು ಕಾದಂಬರಿ ಕೊಡುತ್ತದೆ. ಹಿಲ್ಡಾಳನ್ನು ಕೇವಲ ಖಳಳಾಗಿ ಚಿತ್ರಿಸದಿರುವುದು ಲೇಖಕರ ಪ್ರಾಮಾಣಿಕತೆಗೆ ಸಾಕ್ಷಿ. ಗಿರೀಶ ಕಾರ್ನಾಡ ಮತ್ತು ಬಿ. ವಿ. ಕಾರಂತರ ಜಂಟಿ ನಿರ್ದೇಶನದಲ್ಲಿ 1977ರಲ್ಲಿ ಕನ್ನಡದಲ್ಲಿಯೂ, 'ಗೋಧೂಳಿ' ಎಂಬ ಹೆಸರಿನಲ್ಲಿ ಹಿಂದಿಯಲ್ಲಿಯೂ ಇದು ಚಲನಚಿತ್ರವಾಯಿತು.

ಆದರೂ ಈ ಕೃತಿಯನ್ನು 'ಚೋಮನ ದುಡಿ'ಯ ಪಕ್ಕದಲ್ಲಿಟ್ಟಾಗ ಒಂದು ಕೊರತೆ ಎದ್ದು ತೋರುತ್ತದೆ. ವಾದದಲ್ಲಿ ತೊಡಗಿರುವ ಎರಡು ಪಕ್ಷಗಳೂ ಹಸುವಿನ ಅರ್ಥವನ್ನು ಕುರಿತು ಮಾತನಾಡುತ್ತವೆ. ತಾಯಿಯೋ, ಯಂತ್ರವೋ, ಮಾಂಸವೋ ಎಂಬುದೇ ಪ್ರಶ್ನೆ. ಹೊಲ ಉಳುವ ಎತ್ತು ಈ ಮೂರರಲ್ಲಿ ಯಾವುದೂ ಅಲ್ಲ. ಅದು ಜೊತೆಗಾರ, ಬಂಡವಾಳ, ಕೂಲಿಯಾಳು. ವಾದದ ಕೇಂದ್ರದಲ್ಲಿ ಹಾಲು ಕೊಡುವ ಹಸು ನಿಂತೊಡನೆ ನೊಗ ಹೊರುವ ಎತ್ತು ಅಂಚಿಗೆ ಸರಿಯುತ್ತದೆ. ಅದರೊಡನೆ ನೊಗ ಕಟ್ಟುವವನೂ, ಸತ್ತ ದನವನ್ನು ಹೊರುವವನೂ ಅಂಚಿಗೆ ಸರಿಯುತ್ತಾರೆ. ಹಸುವನ್ನು ಕುರಿತ ಚರ್ಚೆ ಮಾತು ಬಲ್ಲವರ ನಡುವಿನ ಚರ್ಚೆಯಾಗಿ ಉಳಿಯುತ್ತದೆ. ಕಾಳಿಂಗನ ತಾಯಿ ಮೂಗಿಯಾಗಿರುವುದನ್ನು ಈ ಬೆಳಕಿನಲ್ಲಿ ಗಮನಿಸಬೇಕು. ಕೊಟ್ಟಿಗೆಯ ಬದುಕಿಗೆ ಎಲ್ಲರಿಗಿಂತ ಹತ್ತಿರವಿರುವ ಆಕೆಗೆ ಮಾತಿಲ್ಲ. ಲೇಖಕರು ಇದನ್ನು ಯಾವ ಉದ್ದೇಶದಿಂದ ಮಾಡಿದ್ದರೂ, ಚರ್ಚೆ ಯಾರನ್ನು ಹೊರಗಿಟ್ಟು ನಡೆಯುತ್ತದೆ ಎಂಬುದನ್ನು ಆ ಮೌನ ತಾನಾಗಿ ಹೇಳುತ್ತದೆ. ಕಾದಂಬರಿಯ ಅತ್ಯಂತ ಸತ್ಯವಾದ ಸ್ಥಳ ಅದರ ವಾದಗಳಲ್ಲಿಲ್ಲ, ಆ ಮೌನದಲ್ಲಿದೆ ಎಂದು ನಮಗೆ ತೋರುತ್ತದೆ.

ಮೂಲವಾದ 'ಗೋವಿನ ಹಾಡಿ'ನಲ್ಲಿಯೂ ದುಡಿಮೆ ಇಲ್ಲದಿಲ್ಲ. ಪುಣ್ಯಕೋಟಿ ಮತ್ತು ಹುಲಿಯ ಪ್ರಸಂಗ ಮೊದಲಾಗುವ ಮುನ್ನ ಹಾಡು ಗೊಲ್ಲನ ದಿನಚರಿಯನ್ನು ವಿವರವಾಗಿ ಹೇಳುತ್ತದೆ. ಅವನು ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ, ಹಾಲು ಕರೆಯುತ್ತಾನೆ, ಮೇಯಲು ಅಟ್ಟುತ್ತಾನೆ. ಶಾಲೆಯ ಪಾಠದಲ್ಲಿಯೂ ವೇದಿಕೆಯ ಉದಾಹರಣೆಯಲ್ಲಿಯೂ ಈ ಭಾಗ ಮುನ್ನುಡಿಯಂತೆ ಹಿಂದೆ ಉಳಿದು, ಸತ್ಯವಾಕ್ಯದ ಪ್ರಸಂಗ ಮಾತ್ರ ಮುಂದೆ ಬರುತ್ತದೆ. ಹೆಸರು ಹಿಡಿದು ಕರೆಯುವವನಿಗೆ ಮಾತ್ರ ಹೆಸರಿಗೆ ಓಗೊಡುವ ಹಸುವಿರುತ್ತದೆ. ಸತ್ಯದ ಕಥೆಗೆ ಕಾಯಕದ ಕಥೆ ಪೀಠಿಕೆಯಾಗಿರುವುದು ಹಾಡನ್ನು ಕಟ್ಟಿದವರ ವಿವೇಕ. ಆ ಪೀಠಿಕೆಯನ್ನು ಬಿಟ್ಟು ಓದುವುದು ನಮ್ಮ ಅವಸರ.

ಪ್ರಾಣಿಯನ್ನು ಪ್ರತೀಕಕ್ಕೆ ಒಪ್ಪಿಸದೆ ಕೆಲಸದ ಜೊತೆಗಾರನನ್ನಾಗಿ ಕಂಡ ಇನ್ನೊಂದು ಮಹತ್ವದ ನಿದರ್ಶನ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967). ಜೀತದಾಳಾದ ನಾಯಿಗುತ್ತಿಯ ಹೆಸರಿನಲ್ಲಿಯೇ ಅವನ ನಾಯಿ ಹುಲಿಯ ಸೇರಿಕೊಂಡಿದೆ. ಒಡೆಯರ ಲೋಕದಲ್ಲಿ ಗುತ್ತಿಯೂ ನಾಯಿಯೂ ಆಜ್ಞೆಗೆ ಓಡಬೇಕಾದವರೇ. ಆದರೆ ಗುತ್ತಿ ಮತ್ತು ಹುಲಿಯರ ನಡುವೆ ಇರುವುದು ಆಜ್ಞೆಯ ಸಂಬಂಧವಲ್ಲ. ಕೊನೆಯಲ್ಲಿ ತುಂಗೆಯ ಪ್ರವಾಹ ಹುಲಿಯನನ್ನು ಒಯ್ಯುವಾಗ ಓದುಗನಿಗೆ ಆಗುವ ನಷ್ಟಕ್ಕೆ ಯಾವ ತಾತ್ತ್ವಿಕ ಹೆಸರೂ ಬೇಕಾಗುವುದಿಲ್ಲ. ಭೈರಪ್ಪನವರ ಕಾದಂಬರಿಗಿಂತ ಒಂದೇ ವರ್ಷ ಹಿಂದಿನ ಈ ಕೃತಿಯಲ್ಲಿ ಪ್ರಾಣಿಯ ಪರವಾಗಿ ಯಾರೂ ವಾದಿಸುವುದಿಲ್ಲ. ವಾದ ಬೇಕಾಗದಷ್ಟು ಅದು ಕಥೆಯ ಒಳಗಿದೆ.

4

ಇಲ್ಲಿಯವರೆಗೆ ನೋಡಿದ ಕೃತಿಗಳಲ್ಲಿ ಮನುಷ್ಯ ಒಂದು ಕಡೆ, ಪ್ರಾಣಿ ಇನ್ನೊಂದು ಕಡೆ ಇದ್ದಾರೆ. ಈ ಗಡಿಯನ್ನೇ ಅಳಿಸಿ ತೋರಿಸಿದ್ದು ದಲಿತ ಆತ್ಮಕಥನಗಳ ಸಾಧನೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ, 1990ರ ದಶಕದಲ್ಲಿ ಪ್ರಕಟವಾದ ಅದರ ಮೊದಲ ಭಾಗದಲ್ಲಿ, ಒಬ್ಬ ಹುಡುಗ ದೂರದಿಂದ ಹೊಲವೊಂದನ್ನು ನೋಡುವ ಪ್ರಸಂಗವಿದೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿಟ್ಟು ಉಳಲಾಗುತ್ತಿದೆ. ಅವರಲ್ಲಿ ಒಬ್ಬರು ಆ ಹುಡುಗನ ತಂದೆ. ಲೇಖಕರು ಇದನ್ನು ಆಕ್ರೋಶವಿಲ್ಲದೆ, ತಮ್ಮ ಸಹಜವಾದ ತಿಳಿಧ್ವನಿಯಲ್ಲಿ ಹೇಳಿ ಮುಂದೆ ಹೋಗುತ್ತಾರೆ.

ಮನುಷ್ಯನನ್ನು ಎತ್ತಿನಂತೆ ದುಡಿಸಿದರು ಎಂಬ ಮಾತು ನಮ್ಮ ಭಾಷೆಯಲ್ಲಿ ಸವೆದ ಉಪಮೆ. ಇಲ್ಲಿ ಉಪಮೆಯೇ ಇಲ್ಲ. ಎತ್ತಿನ ಜಾಗದಲ್ಲಿ ಮನುಷ್ಯ ನಿಂತಿದ್ದಾನೆ. ಎತ್ತಿನ ಬಗ್ಗೆ ಕೇಳಬೇಕಾದ ಪ್ರಶ್ನೆಗಳೆಲ್ಲ, ಅಂದರೆ ಯಾರು ಕಟ್ಟಿದರು, ಯಾರ ಹೊಲ, ಮೇವೆಷ್ಟು, ಯಾವಾಗ ಬಿಚ್ಚುತ್ತಾರೆ ಎಂಬವು, ಈಗ ಮನುಷ್ಯನ ಬಗ್ಗೆ ಕೇಳಬೇಕಾದ ಪ್ರಶ್ನೆಗಳಾಗುತ್ತವೆ. ಚೋಮನ ಮಕ್ಕಳ ಹೆಗಲಿಗೆ ಬಂದ ನೊಗ ಅಲ್ಲಿ ಕಥೆಯ ತರ್ಕವಾಗಿ ಮಾತ್ರ ಇತ್ತು. ಆರು ದಶಕಗಳ ಅನಂತರ ಅದು ಕಣ್ಣಾರೆ ಕಂಡ ಸಂಗತಿಯಾಗಿ ದಾಖಲಾಗಿದೆ. ಈ ಎರಡು ಕೃತಿಗಳನ್ನು ಒಟ್ಟಿಗೆ ಓದುವ ಪಾಠಕ್ರಮ ನಮ್ಮಲ್ಲಿ ಬೆಳೆಯಬೇಕಾದುದು ಅಗತ್ಯ.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) ಜಾತಿ ಹೇಗೆ ಕೊಟ್ಟಿಗೆಯನ್ನೂ ಹೊಗುತ್ತದೆ ಎಂಬುದನ್ನು ತೋರಿಸುತ್ತದೆ. ಮೇಲ್ಜಾತಿಯವರ ಕೋಣ ಮತ್ತು ದಲಿತರ ಮನೆಯ ಎಮ್ಮೆಯ ಪ್ರಸಂಗದಲ್ಲಿ ಪ್ರಾಣಿಗಳಿಗೆ ತಿಳಿಯದ ಮಡಿಮೈಲಿಗೆ ಅವುಗಳ ಒಡೆಯರಿಗೆ ತಿಳಿದಿದೆ. ಓದುವಾಗ ನಗೆ ಬರುತ್ತದೆ. ಆ ನಗೆ ಗಂಟಲಲ್ಲಿಯೇ ನಿಲ್ಲುತ್ತದೆ. ದನಕರುಗಳೆಂದರೆ ಗ್ರಾಮಜೀವನದ ಸಾಮರಸ್ಯದ ಚಿಹ್ನೆ ಎಂದು ಭಾವಿಸುವ ಓದಿಗೆ ಈ ಪ್ರಸಂಗ ಒಂದು ತಿದ್ದುಪಡಿ. ಹಿಂದಿಯಲ್ಲಿ ಓಂಪ್ರಕಾಶ ವಾಲ್ಮೀಕಿಯವರ 'ಜೂಠನ್' (1997) ಕೃತಿಯಲ್ಲಿ ಶಾಲೆಗೆ ಹೋಗುವ ಹುಡುಗ ಸತ್ತ ಎತ್ತಿನ ಚರ್ಮ ಸುಲಿಯುವ ಕೆಲಸಕ್ಕೆ ಕೈಹಾಕಬೇಕಾಗುವ ಪ್ರಸಂಗವಿದೆ. ಬದುಕಿದ್ದಾಗ ಒಂದು ಜಾತಿಯ ಹೊಲದಲ್ಲಿ ದುಡಿದ ಎತ್ತು ಸತ್ತ ಮೇಲೆ ಇನ್ನೊಂದು ಜಾತಿಯ ಹೆಗಲಿಗೆ ಬರುತ್ತದೆ. ಗ್ರಾಮದ ದುಡಿಮೆಯ ವಿಂಗಡಣೆಯನ್ನು ಇಷ್ಟು ನೇರವಾಗಿ ಹೇಳಬಲ್ಲ ಮತ್ತೊಂದು ಪ್ರಾಣಿ ಇಲ್ಲ.

ಆಹಾರದ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ. 1948ರಲ್ಲಿ ಪ್ರಕಟವಾದ, ಅಸ್ಪೃಶ್ಯತೆಯ ಮೂಲವನ್ನು ಕುರಿತ ಗ್ರಂಥದಲ್ಲಿ ಅಂಬೇಡ್ಕರ್ ಅವರು ದನದ ಮಾಂಸದ ಸೇವನೆಗೂ ಅಸ್ಪೃಶ್ಯತೆಗೂ ಸಂಬಂಧವನ್ನು ಕಲ್ಪಿಸಿದರು. ಸತ್ತ ದನವನ್ನು ಹೊರುವ ಕೆಲಸವನ್ನು ಒಂದು ಸಮುದಾಯಕ್ಕೆ ವಹಿಸಿ, ಆ ಕೆಲಸದಿಂದ ದೊರೆಯುವ ಆಹಾರಕ್ಕಾಗಿ ಅದೇ ಸಮುದಾಯವನ್ನು ಹೀನವೆಂದು ಕರೆಯುವ ವ್ಯವಸ್ಥೆಯೊಂದರ ಇತಿಹಾಸವನ್ನು ಅವರು ಅರಸಿದ್ದರು. ಅವರ ಐತಿಹಾಸಿಕ ನಿರ್ಣಯಗಳನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರಬಹುದು. ಆದರೆ ಆಹಾರದ ಚರ್ಚೆಯನ್ನು ಕೆಲಸದ ಚರ್ಚೆಯಿಂದ ಬೇರ್ಪಡಿಸಲಾಗದೆಂಬ ಅವರ ಮೂಲಭೂತ ಒಳನೋಟ ಸಾಹಿತ್ಯ ವಿಮರ್ಶೆಗೂ ದಾರಿದೀಪವಾಗಬಲ್ಲದು.

ದೇವನೂರ ಮಹಾದೇವರ 'ಒಡಲಾಳ' 1970ರ ದಶಕದ ಕೊನೆಯ ಕೃತಿ. ಅಲ್ಲಿ ಎತ್ತಿಲ್ಲ, ಹಸುವಿಲ್ಲ. ಸಾಕವ್ವ ಹುಡುಕುತ್ತಿರುವುದು ಕಳೆದುಹೋದ ಒಂದು ಹುಂಜವನ್ನು. ಸಾಹುಕಾರನ ಮನೆಯಿಂದ ಬಂದ ಕಡಲೆಕಾಯಿಯನ್ನು ಒಂದು ಇಡೀ ಕುಟುಂಬ ರಾತ್ರಿ ಒಟ್ಟಿಗೆ ಕುಳಿತು ತಿನ್ನುತ್ತದೆ. ಬೆಳಗಾದರೆ ಪೊಲೀಸರು ಬರುತ್ತಾರೆ. ಏನು ತಿನ್ನಬೇಕು, ಏನು ತಿನ್ನಬಾರದು ಎಂಬ ಪ್ರಶ್ನೆಗೆ ಈ ಮನೆಯಲ್ಲಿ ಸ್ಥಳವಿಲ್ಲ. ತಿನ್ನಲು ಏನಿದೆ ಎಂಬುದೇ ಪ್ರಶ್ನೆ. ಆದರೂ ಆ ರಾತ್ರಿಯ ಊಟದ ಸಂಭ್ರಮ ಕನ್ನಡ ಗದ್ಯದ ಅಪೂರ್ವ ಪ್ರಸಂಗಗಳಲ್ಲೊಂದು. ಹಸಿವನ್ನು ಕರುಣೆಯ ವಸ್ತುವಾಗಿಸದೆ, ತಿನ್ನುವ ಸುಖವನ್ನು ತಿನ್ನುವವರ ಕಣ್ಣಿನಿಂದಲೇ ತೋರಿಸಿರುವುದು ಅದರ ಹಿರಿಮೆ. ಭೈರಪ್ಪನವರ ಕಾದಂಬರಿಯಲ್ಲಿ ಆಹಾರವು ಸಂಸ್ಕೃತಿಗಳ ನಡುವಿನ ವಾದವಾದರೆ ಇಲ್ಲಿ ಅದು ಒಡಲಿನ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಆದರೆ ಮೊದಲನೆಯದನ್ನು ಮಾತ್ರ ಆಹಾರ ಚರ್ಚೆಯ ಕಾದಂಬರಿಯೆಂದು ಪಟ್ಟಿ ಮಾಡಿ, ಎರಡನೆಯದನ್ನು ಬಡತನದ ಚಿತ್ರಣವೆಂದು ಬೇರೆ ಕಪಾಟಿನಲ್ಲಿಡುವ ವಿಂಗಡಣೆಯನ್ನು ನಾವು ಒಪ್ಪಲಾರೆವು.

5

ಸಾಹಿತ್ಯದ ಹೊರಗೆ ಇದೇ ಅವಧಿಯಲ್ಲಿ ಕಾನೂನು ಏನನ್ನು ಕೇಳುತ್ತಿತ್ತು ಎಂಬುದನ್ನು ಸಂಕ್ಷೇಪವಾಗಿ ಗಮನಿಸುವುದು ಉಚಿತ. ಸಂವಿಧಾನದ 48ನೆಯ ಅನುಚ್ಛೇದ ಹಸು ಮತ್ತು ಕರುಗಳನ್ನಷ್ಟೇ ಅಲ್ಲ, ಹಾಲು ಕೊಡುವ ಹಾಗೂ ಹೊರೆ ಎಳೆಯುವ ಇತರ ದನಗಳನ್ನೂ ಹೆಸರಿಸುತ್ತದೆ. 1958ರ ಮಹಮ್ಮದ್ ಹನೀಫ್ ಖುರೇಷಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಸು ಮತ್ತು ಕರುಗಳ ವಧೆಯ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ದುಡಿಯುವ ಶಕ್ತಿ ಕಳೆದುಕೊಂಡ ಎತ್ತುಗಳ ವಿಷಯದಲ್ಲಿ ಪೂರ್ಣ ನಿಷೇಧ ಸಮಂಜಸವಲ್ಲವೆಂದಿತು. ಕರ್ನಾಟಕದ 1964ರ ಕಾಯಿದೆಯೂ ಹನ್ನೆರಡು ವರ್ಷ ಮೀರಿದ ಅಥವಾ ಶಾಶ್ವತವಾಗಿ ಅಶಕ್ತವಾದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ವಿನಾಯಿತಿ ಇಟ್ಟಿತ್ತು. ಪ್ರಾಣಿ ಇನ್ನೂ ದುಡಿಯಬಲ್ಲದೇ ಎಂಬುದು ಆ ಕಾಲದ ಕಾನೂನಿನ ಪ್ರಶ್ನೆ. ಅದು ರೈತನ ಪ್ರಶ್ನೆಯೂ ಆಗಿತ್ತು. ಮುದಿ ಎತ್ತನ್ನು ಮಾರಿದ ಹಣ ಹೊಸ ಜೋಡಿಯ ಮೊದಲ ಕಂತಾಗುವುದು ಬೇಸಾಯದ ರೂಢಿ. 2005ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಏಳು ನ್ಯಾಯಾಧೀಶರ ಪೀಠ ಹಳೆಯ ನಿಲುವನ್ನು ಬದಲಿಸಿ, ಮುದಿ ಎತ್ತೂ ಸೆಗಣಿ ಗೊಬ್ಬರಗಳಿಂದ ಉಪಯುಕ್ತವೇ ಎಂದಿತು. ಕರ್ನಾಟಕದ 2020ರ ಕಾಯಿದೆ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ಎಲ್ಲ ದನಗಳ ವಧೆಯನ್ನು ನಿಷೇಧಿಸಿತು.

ಈ ಬದಲಾವಣೆಗಳ ಸರಿತಪ್ಪುಗಳನ್ನು ನಿರ್ಣಯಿಸುವುದು ಸಾಹಿತ್ಯ ಸಂಶೋಧನೆಯ ಕೆಲಸವಲ್ಲ. ಆದರೆ ಅವುಗಳ ಜೊತೆಗೆ ನಡೆದ ಇನ್ನೊಂದು ಬದಲಾವಣೆಯನ್ನು ನಾವು ಕಾಣದಿರಲಾಗದು. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿದ್ದ ಗಂಡು ದನಗಳ ಸಂಖ್ಯೆ ಸುಮಾರು 6.8 ಕೋಟಿ, 2019ರ ಗಣತಿಯಲ್ಲಿ ಅದು ಸುಮಾರು 4.7 ಕೋಟಿಗೆ ಇಳಿಯಿತು. ಅದೇ ಅವಧಿಯಲ್ಲಿ ಹೆಣ್ಣು ದನಗಳು ಸುಮಾರು 12.3 ಕೋಟಿಯಿಂದ 14.5 ಕೋಟಿಗೆ ಏರಿದವು. ಟ್ರ್ಯಾಕ್ಟರು, ಟಿಲ್ಲರು ಮತ್ತು ಹಾಲಿನ ಮಾರುಕಟ್ಟೆ ಸೇರಿ ಎತ್ತನ್ನು ಹೊಲದಿಂದ ಹೊರಗೆ ಕಳುಹಿಸುತ್ತಿವೆ. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ 1966ರಲ್ಲಿ ಭಾರತದ ಹಸುವಿನ ಪಾವಿತ್ರ್ಯಕ್ಕೆ ಆರ್ಥಿಕ ವಿವರಣೆ ನೀಡಿದಾಗ ಅವರ ವಾದದ ಒಂದು ಮುಖ್ಯ ಆಧಾರ ಎತ್ತೇ ಆಗಿತ್ತು: ಉಳುವ ಎತ್ತನ್ನು ಹೆರುವುದರಿಂದ ಹಸು ಅಮೂಲ್ಯ. ಆ ವಿವರಣೆಯ ಬಗ್ಗೆ ಆಗಲೇ ಆಕ್ಷೇಪಗಳು ಬಂದಿದ್ದವು. ಈಗ ಅದರ ನೆಲಗಟ್ಟೇ ಸರಿಯುತ್ತಿದೆ.

ಇದರ ಪರಿಣಾಮ ಓದಿನ ಮೇಲೂ ಆಗುತ್ತದೆ. ಎತ್ತು ಕಟ್ಟಿದ ಮನೆಯಲ್ಲಿ ಬೆಳೆದ ಓದುಗನಿಗೆ ಚೋಮನ ಜೋಡಿ ಏಕೆ ಹೊರೆಯೆಂಬುದನ್ನು ಹೇಳಿಕೊಡಬೇಕಾಗಿರಲಿಲ್ಲ. ನೊಗ, ಮಿಣಿ, ಬಾರುಕೋಲು, ಗೋದಲಿ, ಲಾಳ ಎಂಬ ಪದಗಳನ್ನು ಅವನು ನಿಘಂಟಿನಲ್ಲಿ ಹುಡುಕಬೇಕಾಗಿರಲಿಲ್ಲ. ಮುಂದಿನ ಓದುಗನಿಗೆ ಈ ಪದಗಳು ಬರಿಯ ಸದ್ದು. ಎತ್ತು ಒಂದು ಚಿತ್ರ. ದುಡಿಮೆಯ ಅನುಭವ ಹಿಂದೆ ಸರಿದಷ್ಟೂ ಪ್ರತೀಕದ ಓದು ಸುಲಭವಾಗುತ್ತದೆ. 'ಎತ್ತು' ಎಂಬ ಹೆಸರಿನ ಜಾಗಕ್ಕೆ 'ಗೋವು' ಎಂಬ ಹೆಸರು ಬಂದು ನಿಲ್ಲುತ್ತದೆ. ಆಗ 'ಚೋಮನ ದುಡಿ'ಯನ್ನು ಗೋಪ್ರೇಮದ ಕಾದಂಬರಿಯೆಂದು ಓದಿದರೂ ಕೇಳುವವರಿರುವುದಿಲ್ಲ. ಅಂತಹ ಓದಿನಲ್ಲಿ ಚೋಮನ ಮಕ್ಕಳು ತೋಟಕ್ಕೆ ಹೋದ ಕಾರಣವೂ, 'ಊರುಕೇರಿ'ಯ ತಂದೆಯ ಹೆಗಲ ಮೇಲಿದ್ದ ನೊಗವೂ ಒಟ್ಟಿಗೆ ಅಳಿಸಿಹೋಗುತ್ತವೆ. ಈ ಲೇಖನದ ಹಿಂದಿರುವ ಆತಂಕ ಇದೇ.

6

ಈ ಹಿನ್ನೆಲೆಯಲ್ಲಿ ಮುಂದಿನ ಸಂಶೋಧಕರ ಮುಂದೆ ಮೂರು ಸರಳ ಪ್ರಶ್ನೆಗಳನ್ನು ಇಡಬಯಸುತ್ತೇವೆ. ಕೃತಿಯಲ್ಲಿ ಪ್ರಾಣಿ ಬಂದಾಗಲೆಲ್ಲ ಮೊದಲು ಕೇಳಬೇಕಾದುದು: ಅದನ್ನು ಕಟ್ಟುವವರು, ಬಿಚ್ಚುವವರು, ಮೇಯಿಸುವವರು ಯಾರು? ಅವರಿಗೆ ಕೃತಿಯಲ್ಲಿ ಹೆಸರಿದೆಯೇ, ಮಾತಿದೆಯೇ? ಎರಡನೆಯದು: ದುಡಿಮೆ ಮುಗಿದ ಮೇಲೆ ಪ್ರಾಣಿ ಎಲ್ಲಿಗೆ ಹೋಗುತ್ತದೆ? ಸಂತೆಗೋ, ಕಾಡಿಗೋ, ಯಾರ ಹೆಗಲಿಗೋ? ಕೃತಿ ಆ ದಾರಿಯನ್ನು ತೋರಿಸುತ್ತದೆಯೇ, ಮುಚ್ಚಿಡುತ್ತದೆಯೇ? ಮೂರನೆಯದು: ತಿನ್ನುವುದನ್ನು ಕುರಿತು ಮಾತನಾಡುವವರು ಹಸಿದವರೋ, ಉಂಡವರೋ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಮೇಲೆ ಪ್ರತೀಕದ ಅರ್ಥಕ್ಕೆ ಹೋದರೆ ಆ ಅರ್ಥವೂ ಗಟ್ಟಿಯಾದೀತು.

ಮುಂಬೈ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳ ಕನ್ನಡ ಸಂಶೋಧಕರು ಈ ಪ್ರಶ್ನೆಗಳನ್ನು ತಾವಿರುವ ನೆಲದ ಭಾಷೆಯ ಕೃತಿಗಳಿಗೂ ಕೇಳಬಲ್ಲರು. ಮರಾಠಿ, ತೆಲುಗು, ತಮಿಳುಗಳಲ್ಲಿ ಎತ್ತಿಗೆ, ಹಸುವಿಗೆ, ಮಾಂಸಕ್ಕೆ ಇರುವ ಹೆಸರುಗಳನ್ನು ಕನ್ನಡದ ಹೆಸರುಗಳ ಎದುರಿಗಿಟ್ಟು, ಯಾವ ಹೆಸರು ಯಾವ ವರ್ಗದ ಬಾಯಲ್ಲಿ ಬರುತ್ತದೆ ಎಂಬುದನ್ನು ಕೃತಿಗಳಿಂದ ಸಂಗ್ರಹಿಸಿದರೆ ಅದೇ ಒಂದು ಉಪಯುಕ್ತ ಪದಕೋಶವಾದೀತು. ನೊಗ ನೇಗಿಲುಗಳ ಪದಗಳನ್ನು ಇನ್ನೂ ಬಾಯಲ್ಲಿ ಉಳಿಸಿಕೊಂಡಿರುವ, ವಲಸೆ ಬಂದ ಹಿರಿಯ ದುಡಿಮೆಗಾರರು ಈ ನಗರಗಳಲ್ಲಿಯೇ ನಮಗೆ ಸಿಗುತ್ತಾರೆ. ಅವರ ಮಾತನ್ನು ದಾಖಲಿಸಿಕೊಳ್ಳುವುದು ಕಾದಂಬರಿಯ ಅಧ್ಯಯನಕ್ಕೆ ಹೊರಗಿನ ಕೆಲಸವೆಂದು ಯಾರೂ ಭಾವಿಸಬೇಕಾಗಿಲ್ಲ. 'ಚೋಮನ ದುಡಿ'ಯ ಎತ್ತುಗಳನ್ನು ಅರ್ಥಮಾಡಿಕೊಳ್ಳಲು ಬೇಕಾದ ಟಿಪ್ಪಣಿ ಗ್ರಂಥಾಲಯದ ಕಪಾಟಿಗಿಂತ ಮೊದಲು ಅವರಲ್ಲಿ ದೊರೆಯುವ ಸಂಭವವೇ ಹೆಚ್ಚು.